ಏಳನೇ ಹಾಸಿಗೆಯ ಹನ್ನೆರಡು ನಿಮಿಷ

ಮಂಗಳವಾರ, ಹದಿನೆಂಟನೇ ತಾರೀಖು
ಬೆಳಿಗ್ಗೆ ಹನ್ನೊಂದು

ಅಕ್ಕಾ,

ನಿನ್ನ ಗುಂಡುಸೂಜಿಯ ನಮಸ್ಕಾರ. ನಾನಿಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಜ್ವರ, ನೆಗಡಿ ಇಲ್ಲ ಎಂದಷ್ಟೇ ತಿಳಿದುಕೋ. ಎರಡು ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಸಂದೇಶಕ್ಕೆ ಉತ್ತರ ಕೊಟ್ಟಿಲ್ಲ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ನಿನ್ನ ದನಿ ಕೇಳಿದರೆ ನಾನು ಊಟ, ನಿದ್ದೆ ಎಂದು ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಕೆಲಸದ ಮೇಲೆ ಇಲ್ಲಿಗೆ ಬಂದ ಭಾವ ಮೂರು ಗಂಟೆಯ ಬಸ್ಸಿಗೆ ಹೊರಡುತ್ತಾರಂತೆ, ಅವರ ಕೈಯಲ್ಲೇ ಕೊಡುತ್ತಿದ್ದೇನೆ. "ಏನಮ್ಮಾ, ಫೋನ್ ಇರೋವಾಗ ಅಕ್ಕನಿಗೆ ಓಲೆನಾ?" ಎಂದು ನಕ್ಕರು. ನಾನೂ ಹಲ್ಲು ಕಿರಿದೆ.

ಮೊದಲು ಮುಖ್ಯವಾದದ್ದು. ಬರುವ ಸೋಮವಾರದ ವಿಚಾರಣೆಯಲ್ಲಿ "ನನ್ನ ಅಜಾಗರೂಕತೆಯಿಂದ ಹೀಗಾಯಿತು" ಎಂಬ ಆ ಹೇಳಿಕೆಗೆ ನೀನು ಸಹಿ ಹಾಕಬೇಡ. ಏಳನೇ ಹಾಸಿಗೆಯ ಡ್ರಾಯಿಂಗ್ ಮೇಷ್ಟ್ರ ಉಸಿರು, ನಾಡಿ ನೋಡಿಕೊಳ್ಳುವ ಯಂತ್ರ ಹನ್ನೆರಡು ನಿಮಿಷ ಕೂಗಿಕೊಂಡರೂ ನರ್ಸಮ್ಮ ತಿರುಗಿ ನೋಡಲಿಲ್ಲ ಎನ್ನುತ್ತಿದ್ದಾರಲ್ಲ, ಅದು ಕೂಗಲೇ ಇಲ್ಲ. ನಿನ್ನ ಕಿವಿ ಸರಿಯಾಗಿದೆ. ನೀನು ಕಿವಿ ಡಾಕ್ಟರ ಹತ್ತಿರ ಹೋಗಿ ಆ ಗಾಜಿನ ಗೂಡಿನಲ್ಲಿ ಕೂತು ಬಂದೆ ಎಂದು ಭಾವ ಹೇಳಿದಾಗ ನಾನು ತಟ್ಟೆ ಬಿಟ್ಟು ಎದ್ದೆ.

ಹೇಗೆ ಗೊತ್ತೆಂದರೆ, ಆ ಯಂತ್ರ ತಪಾಸಣೆಗೆ ಬಂದದ್ದು ನಮ್ಮ ಕಚೇರಿಗೆ, ನನ್ನ ಮೇಜಿಗೆ. ನಾನು ಡ್ರೈವರ್ ಬರೆಯುತ್ತೇನೆ ಎಂದಾಗ "ಬಸ್ಸಿಗಾ, ಲಾರಿಗಾ?" ಎಂದು ಕೇಳಿ ನೀನು ಮನೆಯವರನ್ನೆಲ್ಲ ನಗಿಸಿದ್ದೆ. ಆ ಯಂತ್ರದ ಪಕ್ಕೆಯಲ್ಲಿ ಒಂದು ಯುಎಸ್‌ಬಿ ಕಿಂಡಿ ಇದೆಯಲ್ಲ, ಅದಕ್ಕೆ ಡ್ರೈವರ್ ಬರೆದವಳು ನಾನೇ. ಕಿಂಡಿ ಒಂದೇ, ಪಾತ್ರ ಎರಡು. ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ಯಜಮಾನ, ಅದು ಹೇಳಿದಂತೆ ಪೆನ್‌ಡ್ರೈವ್ ಕೇಳಬೇಕು. ರಿಪೇರಿಯವನು ಕಂಪ್ಯೂಟರ್ ಚುಚ್ಚಿದರೆ ಯಂತ್ರವೇ ಆಳು. ಆಳಾಗುವ ಮೊದಲು ತನ್ನ ಕೈಕೆಳಗೆ ಇದ್ದವರನ್ನೆಲ್ಲ ಬಿಟ್ಟುಕೊಡಬೇಕು, ಕಿಂಡಿಗೆ ಕೊಡುತ್ತಿದ್ದ ವಿದ್ಯುತ್ತನ್ನು ನಿಲ್ಲಿಸಬೇಕು, ಅದು ಪೂರ್ತಿ ಇಳಿದ ಮೇಲೆ ಹೊಸ ಪಾತ್ರ ಹಿಡಿಯಬೇಕು. ಕರ್ನೆಲ್ ಎಂದರೆ ಯಂತ್ರದ ಮೂಲ ತಂತ್ರಾಂಶ. ಅದರೊಳಗೆ ಕೂತು ಈ ಅದಲುಬದಲನ್ನು ನಡೆಸುವುದೇ ನನ್ನ ಡ್ರೈವರ್. ಎಷ್ಟು ಚೊಕ್ಕವಾಗಿ ಬರೆದಿದ್ದೆ ಎಂದರೆ, ಕಚೇರಿಯಲ್ಲಿ ಹೊಸಬರಿಗೆ ಅದನ್ನೇ ತೋರಿಸಿ ಕಲಿಸುತ್ತಿದ್ದರು.

ಆದರೆ ಅಲಾರಂ ಕೂಗುವ ಸ್ಪೀಕರ್ ಕೂಡ ಒಳಗಿನಿಂದ ಅದೇ ಯಜಮಾನನ ಕೈಕೆಳಗಿತ್ತು. ಯಂತ್ರ ಆಳಾದ ಕ್ಷಣ ಸ್ಪೀಕರ್ ಅನಾಥ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅಲ್ಲೇ ಒಂದು ಸಾಲಿನ ಟಿಪ್ಪಣಿ ಹಾಕಿದ್ದೆ: "ಈ ಪಾತ್ರ ರಿಪೇರಿ ಮೇಜಿನ ಮೇಲೆ ಮಾತ್ರ. ಆಗ ರೋಗಿ ಇರುವುದಿಲ್ಲ." ಈಗಿನ ಫೋನುಗಳೂ ಎರಡೂ ಪಾತ್ರ ಮಾಡುತ್ತವೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚಾರ್ಜ್ ಆಗಲೆಂದು ಫೋನು ಚುಚ್ಚಿದಾಗ ಒಂದೊಂದು ಸಲ ಯಂತ್ರ ಯಜಮಾನ, ಒಂದೊಂದು ಸಲ ಫೋನು.

ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದುಕೊಂಡಿರುತ್ತದೆ. ಮಧ್ಯಾಹ್ನ ಮೂರು ಎಂಟಕ್ಕೆ ಕಿಂಡಿಗೆ ಫೋನೊಂದು ಬಂತು, ಯಂತ್ರ ಆಳಾಯಿತು. ಮೂರು ಹತ್ತಕ್ಕೆ ಮೇಷ್ಟ್ರ ಉಸಿರು ಇಳಿಯಿತು, ಅಲಾರಂ ಶುರು ಎಂದು ಪರದೆಯ ಮೇಲೆ ಬಂತು. ಮೂರು ಇಪ್ಪತ್ತೆರಡಕ್ಕೆ ಫೋನು ಹೋಯಿತು, ಸ್ಪೀಕರ್ ಮರಳಿತು. ಎಲ್ಲರೂ ಕೇಳಿದ್ದು ಆಮೇಲಿನ ಕೂಗನ್ನು. ಆ ಹನ್ನೆರಡು ನಿಮಿಷ ನೀನು ಎದುರು ಹಾಸಿಗೆಯವರ ಗಾಯ ತೊಳೆಯುತ್ತಿದ್ದೆ, ಹಿಂದೆ ಕೆಂಪು ದೀಪ ಸದ್ದಿಲ್ಲದೆ ಮಿನುಗುತ್ತಿತ್ತು.

ನಂಬಿಕೆ ಬರದೆ, ಅಲಾರಂ ಕೂಗಿಸಿಟ್ಟು ನನ್ನ ಫೋನನ್ನೇ ಚುಚ್ಚಿ ನೋಡಿದೆ. ಮೊದಲೆರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಯಂತ್ರ ಮೂಕವಾಯಿತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸ್ಪೀಕರಿಗೆ ಕಿವಿ ಹಚ್ಚಿ ಕೂತೆ. ಫೋನ್ ಕಿತ್ತಾಗ ಅದು ಕಿರುಚಿದ ರಭಸಕ್ಕೆ ಚಹಾ ಲೋಟ ಕೈಜಾರಿ ಬಿತ್ತು. ಅಕ್ಕಾ, ಇದೆಲ್ಲ ಆಗಿ ಹದಿನೇಳು ದಿನವಾಯಿತು.

ಹದಿನೇಳು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ತಂಡದ ಮುಖ್ಯಸ್ಥರು ಎಲ್ಲದಕ್ಕೂ "ಆಮೇಲೆ" ಎನ್ನುವುದರಿಂದ ಅವರನ್ನು ಆಮೇಲೆ ಸಾಹೇಬರು ಎಂದೇ ಕರೆಯುತ್ತೇವೆ. ಅವರೊಬ್ಬರಿಗೆ ಮಾತ್ರ ಅವತ್ತೇ ಹೇಳಿದೆ. ಬಾಗಿಲು ಮುಂದೆ ಮಾಡಿ, "ಮುಂದಿನ ಆವೃತ್ತಿಯಲ್ಲಿ ಸರಿ ಮಾಡೋಣ. ಈಗ ಬರವಣಿಗೇಲಿ ಏನೂ ಬೇಡ. ನರ್ಸು ನಿಮ್ಮ ಅಕ್ಕ ಅಂತ ಗೊತ್ತಾದ್ರೆ ನಿಮ್ಮ ಮಾತು ಯಾರು ನಂಬ್ತಾರೆ ಹೇಳಿ?" ಎಂದರು. ಹೌದಲ್ಲ ಅನಿಸಿತು. ನಿಜ ಹೇಳಬೇಕೆಂದರೆ, ಹಾಗೆ ಅನಿಸಿದ್ದಕ್ಕೆ ಸಮಾಧಾನವೂ ಆಯಿತು. ಅಂದಿನಿಂದ ಹೆದರಿಕೆ ನನ್ನ ಬೆನ್ನು ಬಿಟ್ಟಿಲ್ಲ. ಕೆಲಸ ಹೋಗುವ ಹೆದರಿಕೆ, ಪೊಲೀಸರ ಹೆದರಿಕೆ, ಪ್ರಜ್ಞೆ ಇಲ್ಲದೆ ಮಲಗಿರುವ ಮೇಷ್ಟ್ರು ಕಣ್ಣು ಬಿಡದೇ ಹೋದರೆ ಎಂಬ ಹೆದರಿಕೆ. ಅಂಥ ಅರವತ್ತು ಯಂತ್ರಗಳು ಇವತ್ತೂ ವಾರ್ಡುಗಳಲ್ಲಿವೆ. ಬಸ್ಸಿನಲ್ಲಿ ಪಕ್ಕದವರು ಚಾರ್ಜರ್ ವೈರು ತೆಗೆದರೂ ನಾನು ಸೀಟು ಬಿಟ್ಟು ಏಳುತ್ತೇನೆ.

ಇವತ್ತು ಬೆಳಿಗ್ಗೆ ನಿಮ್ಮ ಆಸ್ಪತ್ರೆಗೂ ನಮ್ಮ ಕಚೇರಿಗೂ ಎಲ್ಲವನ್ನೂ ಬರೆದು ಕಳಿಸಿದೆ. ಹೋಯಿತೋ ಇಲ್ಲವೋ ಎಂದು ಎರಡು ಸಲ ಕಳಿಸಿದೆ. ಯಂತ್ರದ ದಿನಚರಿಯ ಪ್ರತಿ ಈ ಲಕೋಟೆಯಲ್ಲಿದೆ, ಜೋಪಾನ. ನಿನ್ನ ಜೊತೆಯ ನರ್ಸುಗಳಿಗೆ ಇವತ್ತೇ ಹೇಳಿ ಎಲ್ಲ ಯಂತ್ರಗಳ ಕಿಂಡಿಗೂ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸುವಂತೆ ಮಾಡು. ಹೊಸ ಡ್ರೈವರ್ ಬರೆಯುತ್ತಿದ್ದೇನೆ: ರೋಗಿಯ ವೈರು ಒಂದಾದರೂ ಸಿಕ್ಕಿಸಿದ್ದರೆ ಯಂತ್ರ ಯಾರಿಗೂ ಆಳಾಗುವುದಿಲ್ಲ. ಬರೆದದ್ದು ಹನ್ನೊಂದು ಸಾಲು. ಅಷ್ಟೇ ಸಾಕಿತ್ತು.

ನಿನ್ನ ಮಗಳಿಗೆ ಚಿಕ್ಕಮ್ಮನ ಮುತ್ತು. ಅವಳು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ದೊಡ್ಡವಳು ನೀನು. ಮನಸ್ಸು ಬಂದರೆ ನನಗೊಂದು ಆಶೀರ್ವಾದ ಮಾಡು.

ನಿನ್ನ
ಗುಂಡುಸೂಜಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಘಟನೆ ನಡೆದ ದಿನ ನೀನು ಅಳುತ್ತಾ ಫೋನಿನಲ್ಲಿ, "ಮೇಷ್ಟ್ರ ಮಗಳು ಬಂದು ಮಿಷನ್ನಿಂದ ಅವಳ ಫೋನ್ ಕಿತ್ಕೊಂಡ್ಲು ಕಣೇ, ಆಗಲೇ ಕಿರುಚ್ತು ಅದು" ಎಂದಿದ್ದೆ. ಆಮೇಲೆ ಆ ಫೋನಿನ ಮಾತನ್ನು ನೀನು ಎಲ್ಲೂ ಎತ್ತಿಲ್ಲ. ಭಾವ ತಂದ ನಿನ್ನ ಹೇಳಿಕೆಯ ಪ್ರತಿಯನ್ನು ನಾಲ್ಕು ಸಲ ಓದಿದೆ. ಹತ್ತಿಯ ಲೆಕ್ಕವೂ ಇದೆ ಅದರಲ್ಲಿ, ಫೋನು ಮಾತ್ರ ಇಲ್ಲ.

ಹೋದ ವರ್ಷ ನಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ನೀನು ಕೇಳಿದ್ದೆ, "ಜನ ನಿನ್ನ ಮಿಷನ್ನಿಗೆ ಫೋನ್ ಚುಚ್ತಾರೆ ಕಣೇ, ಬೇಡ ಅನ್ಲಾ?" ನಾನು ತಲೆ ಎತ್ತದೆ, "ಚುಚ್ಲಿ ಬಿಡಕ್ಕಾ, ನಾನು ಬರೆದಿರೋದು, ಏನೂ ಆಗಲ್ಲ" ಎಂದಿದ್ದೆ. ಮೇಷ್ಟ್ರ ಮಗಳಿಗೆ ಚುಚ್ಚಿಕೊಳ್ಳಿ ಎಂದವಳು ನೀನೇ, ಅಲ್ಲವೇ? ನನ್ನ ಮಾತು ನಂಬಿ. ನಿನಗೆ ಮೊದಲ ದಿನದಿಂದಲೇ ಗೊತ್ತಿತ್ತು, ಅಲ್ಲವೇ? ಕಿವಿ ಡಾಕ್ಟರ ಹತ್ತಿರ ಹೋದದ್ದೂ ನನ್ನ ಕಡೆಗೆ ಯಾರೂ ನೋಡದಿರಲಿ ಎಂದೇ.

ಸೋಮವಾರ ಬೆಳಿಗ್ಗೆ ನಾನು ಬರುತ್ತೇನೆ. ಫೋನಿನ ಮಾತು ನೀನು ಹೇಳು ಅಕ್ಕಾ. ಬಟಾಣಿಯ ಮಾತು ನಾನು ಹೇಳುತ್ತೇನೆ.