ಒದ್ದೆ ಗೋಣಿಯ ಕೆಳಗಿನ ಹಲಗೆ

ಬೈಂದೂರು, 12-9-2008

ಮೀನು ಮಾರ್ಕೆಟ್ಟಿನ ಸಮಸ್ತ ಅಕ್ಕತಂಗಿಯರೇ, ಬುಟ್ಟಿ ಇಳಿಸಿ, ರಾತ್ರಿ ನಾಟಕದಲ್ಲಿ ವೇಷ ಕಟ್ಟಿ ಹಗಲು ನಿಮ್ಮ ಜೊತೆ ಮೀನು ಕೊಯ್ಯುವ ಈ ಬಚ್ಚನ ಮಾತಿಗೆ ಕಿವಿಗೊಡಿ.

ಮೀನು ಕೊಯ್ಯುವ ಹಲಗೆ ಬಿರಿಯಬಾರದೆಂದು ದಿನವೂ ಒದ್ದೆ ಗೋಣಿ ಹೊದಿಸಲು ನಿಮಗೆಲ್ಲ ಕಲಿಸಿದವನು ನಾನೇ. ನನ್ನ ಹಲಗೆಯ ಒಂದು ಹನಿ ನೀರನ್ನು ಮಗಳು ಮೋಕ್ಷಿತಾ ಕಾಲೇಜಿನ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ತಟ್ಟೆಯೊಂದರ ನಡುವೆ ಬಿಟ್ಟಳಂತೆ. ಮರುದಿನ ಬ್ಯಾಕ್ಟೀರಿಯಾಗಳ ದಂಡು ಅಲೆಯಲೆಯಾಗಿ ಹಬ್ಬಿ ಅಂಚು ಮುಟ್ಟಿತ್ತು.

"ಪಸೆ ಇದ್ರೆ ಮಾತ್ರ ಇವು ಮುಂದ್ ಹೋಪುದ್, ಅಪ್ಪಯ್ಯ. ಒಣಗ್ರೆ ಅಲ್ಲೇ ಬಾಕಿ" ಎಂದಳು.

ಅದೇ ಹಲಗೆಯ ಮೇಲೆ ಬೆರಳು ಕೊಯ್ದುಕೊಂಡ ಮುತ್ತಕ್ಕ ಈಗ ಆಸ್ಪತ್ರೆಯಲ್ಲಿದ್ದಾರೆ. ಬಾವು ಮೊಣಕೈಗೆ ಏರಿದೆ. ಮೀನಿನ ಮುಳ್ಳಿನ ನಂಜು, ತನ್ನಿಂತಾನೇ ಇಳಿಯುತ್ತದೆ ಎಂದು ನಾನು ಅವರನ್ನು ನಂಬಿಸಿದ್ದೆ.

ಇನ್ನು ಯಾರೂ ಗೋಣಿ ಹೊದಿಸಬೇಡಿ. ಹಲಗೆ ಬಿರಿದರೆ ಬಿರಿಯಲಿ, ತೊಳೆದು ಬಿಸಿಲಿಗಿಡಿ.

ನಾಳೆ ಬೆಳಿಗ್ಗೆ ನನ್ನ ಹಲಗೆಯನ್ನು ಒಡೆದು ಒಲೆಗೆ ಹಾಕಿ, ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಿ, ತಪ್ಪು ನನ್ನದೆಂದು ಮುತ್ತಕ್ಕನಿಗೆ ನಾನೇ ಹೇಳುತ್ತೇನೆ.

ಇಂತು ನಿಮ್ಮ
ನಾಟಕದ ಬಚ್ಚ