ಕೂಲಿದ ಡಾಕ್ಟ್ರು

ಕರಾವಳಿ ಬಾಯಿ ಆರೋಗ್ಯ ಯೋಜನೆಯ ಮಾನ್ಯ ನಿರ್ದೇಶಕರೇ,

ನೀವು ನನಗೆ ಮೋಸ ಮಾಡಿದ್ದೀರಿ. ಕಳೆದ ಸೋಮವಾರ ಬಂದ ನಿಮ್ಮ ಆದೇಶದ ಪ್ರಕಾರ ಕಾಪು ತಾಲೂಕಿನ ದಂತವೈದ್ಯರ ಹುದ್ದೆ ರದ್ದು. ‘ಅಗತ್ಯ ಬಿದ್ದ ದಿನಗಳಂದು ದಿನಗೂಲಿ ಆಧಾರದಲ್ಲಿ’ ನನ್ನನ್ನು ಕರೆಯಲಾಗುವುದಂತೆ. ಹಲ್ಲುನೋವು ಇನ್ನು ಮುಂದೆ ನಿಮ್ಮ ಕಚೇರಿಯ ಅನುಮತಿ ಪಡೆದೇ ಬರಬೇಕೇನೋ.

ನಾಲ್ಕು ವರ್ಷಗಳ ಹಿಂದೆ ಉಡುಪಿಯ ಸಭೆಯಲ್ಲಿ ನಮ್ಮಂಥ ಹೊಸ ದಂತವೈದ್ಯರನ್ನು ಕೂರಿಸಿಕೊಂಡು ನೀವು ಹೇಳಿದ್ದು ನೆನಪಿದೆಯೇ? ಮಣಿಪಾಲದಿಂದ ಪರ್ಕಳದವರೆಗೆ ಹಲ್ಲಿನ ಬೋರ್ಡುಗಳೇ ತುಂಬಿವೆ, ಇನ್ನೊಂದು ಯಾಕೆ, ಸ್ವಂತ ಕ್ಲಿನಿಕ್ಕಿನ ಹೊರಗೂ ನಿಮಗೆ ಬದುಕುಂಟು, ಶಾಲೆಗಳಿಗೆ ಹೋಗಿ, ಮೀನುಗಾರರ ಬಳಿಗೆ ಹೋಗಿ, ಮೂರು ವರ್ಷ ದುಡಿದರೆ ಹುದ್ದೆ ಕಾಯಂ ಎಂದಿರಿ. ನಾನು ನಂಬಿದೆ. ಕಾರ್ಕಳದಲ್ಲಿ ಜೊತೆಯಾಗಿ ಕ್ಲಿನಿಕ್ ತೆರೆಯೋಣ ಎಂದು ಗೆಳತಿ ಪ್ರಣೀತಾ ಕರೆದಾಗ, ನಿರ್ದೇಶಕರೇ ಮಾತು ಕೊಟ್ಟಿದ್ದಾರೆ ಎಂದು ದೊಡ್ಡದಾಗಿ ಹೇಳಿ ಬಂದೆ. ಅವಳ ಕ್ಲಿನಿಕ್ಕಿನ ಪಕ್ಕದ ಕೋಣೆಯಲ್ಲಿ ಈಗ ಬೇರೆಯವರಿದ್ದಾರೆ.

ಎರ್ಮಾಳಿನ ಅಕ್ಕುವನ್ನು ನೀವು ನೋಡಿದ್ದೀರಿ. ಮೀನು ಮಾರುವವರು, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವವರು. ಮೀನಿನ ಬುಟ್ಟಿಗಳ ನಡುವೆಯೇ ನಿಲ್ಲಿಸಿ ಬಾಯಿ ನೋಡಿದಾಗ ಕೆನ್ನೆಯೊಳಗೆ ಬಿಳಿ ಮಚ್ಚೆಯೊಂದು ಕಂಡಿತು. ಬೈದು, ಗೋಗರೆದು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಕ್ಯಾನ್ಸರ್ ಆಗುವ ಮೊದಲೇ ತೆಗೆದರು. ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು ಎಂದರು. ಅಂದಿನಿಂದ ನೋಡುತ್ತಿರುವವಳು ನಾನು.

ನೀವು ಶಿಬಿರಕ್ಕೆ ಬಂದ ದಿನ ಅದೇ ಅಕ್ಕು ನಿಮಗಾಗಿ ಕನ್ನಡ ಜೋಡಿಸಿಕೊಂಡು, “ಇವರು ನಮ್ಮ ಕೂಲಿದ ಡಾಕ್ಟ್ರು” ಎಂದರು. ಡಾಕ್ಟರನ್ನೂ ಕೂಲಿ ಮಾಡಿಬಿಟ್ಟರಲ್ಲ ಎಂದು ನೀವು ನಕ್ಕಿರಿ. ತುಳುವಿನಲ್ಲಿ ಕೂಲಿ ಎಂದರೆ ಹಲ್ಲು ಎಂದು ನಾನೇ ತಿದ್ದಿದೆ. ನೀವು ಡೈರಿಯಲ್ಲಿ ಬರೆದುಕೊಂಡಿರಿ ಕೂಡ. ಆದರೆ ಆದೇಶ ಬರೆಯುವಾಗ ನಿಮಗೆ ನಿಮ್ಮ ಕನ್ನಡದ ಕೂಲಿಯೇ ಸರಿ ಕಂಡಿತು. ಅದನ್ನು ಓದಿ ನನಗೆ ಅವಮಾನವಾಯಿತು, ಸಿಟ್ಟೂ ಬಂತು.

ನಿನ್ನೆ ಅಕ್ಕುವಿಗೆ ವಿಷಯ ತಿಳಿಸಿದೆ. ಬರುವ ತಿಂಗಳು ತನ್ನ ಬಾಯಿ ನೋಡುವುದು ಯಾರು ಎಂದು ಕೇಳಿದರು. ನನ್ನನ್ನು ಇನ್ನು ಕೂಲಿಗೆ ಮಾತ್ರ ಕರೆಯುತ್ತಾರಂತೆ ಎಂದೆ. ಅವರ ಮುಖ ಅರಳಿತು.

“ಮತ್ತೆಂತ, ಕೂಲಿಗೇ ಅಲ್ವಾ ನೀವು ಇರುವುದು?”

ನಾನು ತಿದ್ದದೆ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ, ಬರುವ ತಿಂಗಳ ಒಳಗೆ ಆದೇಶ ಹಿಂಪಡೆದು ಕೊಟ್ಟ ಮಾತು ಉಳಿಸಿಕೊಳ್ಳಿ. ಆಗದಿದ್ದರೆ ಎರ್ಮಾಳಿಗೆ ಬನ್ನಿ, ಆ ಪದದ ನಿಮ್ಮ ಅರ್ಥವನ್ನು ಅಕ್ಕುವಿಗೆ ನೀವೇ ಹೇಳಿ.

ಇಂತಿ,
ಸದ್ಯಕ್ಕೆ ಎರಡೂ ಭಾಷೆಯಲ್ಲಿ ಕೂಲಿದ ಡಾಕ್ಟ್ರು,
ಹರಿಣಾಕ್ಷಿ, ಎರ್ಮಾಳ್