ಯಾರ ಮಗಳು ಎಂದು ಕೇಳದ ಕೋಣೆ

ವಿಶ್ವವಿದ್ಯಾಲಯದ ಆರೋಗ್ಯಾಧಿಕಾರಿಗಳೇ,

ಸಂಭಾಜಿನಗರದಲ್ಲಿ ನೀವು ನಡೆಸುತ್ತಿರುವ ಎಚ್‌ಐವಿ ತಪಾಸಣಾ ಶಿಬಿರಕ್ಕೆ ಬಂದ ತಪ್ಪಿಗೆ ನಿಮ್ಮಲ್ಲೇ ಓದುವ ನನ್ನ ತಂಗಿಯ ಮಗಳ ದವಡೆ ಮುರಿದಿದೆ. ಅವಳನ್ನು ಇಲ್ಲಿ ನೀಲಾಂಬಿಕಾ ಎನ್ನುತ್ತೇನೆ, ಉಳಿದವರ ಹೆಸರನ್ನೂ ಬದಲಿಸಿದ್ದೇನೆ. ಅಸಲು ಹೆಸರು ನಿಮಗೆ ಗೊತ್ತು, ನಿಮ್ಮ ದಯೆಯಿಂದ ಊರಿಗೂ ಗೊತ್ತು. ಹೊಡೆದವನು ಒಡಹುಟ್ಟಿದ ಅಣ್ಣ. ಅವನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ನಿಮ್ಮ ಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ, ಅವಳ ಒಪ್ಪಿಗೆ ಪಡೆದು, ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ.

ಶಿಬಿರಕ್ಕೆ ಮೊದಲು, ತಪಾಸಣೆ ಹೇಗಿರಬೇಕೆಂದು ನೀವೇ ವಿದ್ಯಾರ್ಥಿಗಳನ್ನು ಕೇಳಿದಿರಿ. ಅವರು ಬಿಡಿಸಿ ಹೇಳಿದರು. ಬಾಗಿಲು ಮುಚ್ಚಿದ ಕೋಣೆ ಬೇಕು, ಗುರುತಿಲ್ಲದ ಸಿಬ್ಬಂದಿ ಬೇಕು, ಹೆಸರಿನ ಬದಲು ಸಂಖ್ಯೆ ಸಾಕು, ಸಾಧ್ಯವಾದರೆ ಕಿಟ್ ಕೊಡಿ, ನಾವೇ ಪರೀಕ್ಷಿಸಿಕೊಳ್ಳುತ್ತೇವೆ ಎಂದರು. ನೀವು ತಲೆದೂಗಿ, ಕ್ಯಾಂಟೀನಿನ ಎದುರಿಗೇ ಶಾಮಿಯಾನ ಹಾಕಿಸಿದಿರಿ. ಹಾಗಾದರೆ ಕೇಳಿದ್ದಾದರೂ ಏಕೆ?

ಅಷ್ಟಕ್ಕೇ ಬಿಡಲಿಲ್ಲ. ನೀವೂ ಕಲಬುರಗಿ ಕಡೆಯವರಲ್ಲವೇ, ಅಭಿಮಾನ ಉಕ್ಕಿತು. ಕನ್ನಡದ ಮಕ್ಕಳು ಹೆದರಬಾರದೆಂದು ಸಮಾಲೋಚನೆಗೆ ನಮ್ಮ ಸಮಾಜದ ಹಿರಿಯರಾದ ವಿಶ್ವನಾಥಪ್ಪನವರನ್ನು ಕೂರಿಸಿದಿರಿ. ಬಸವ ಜಯಂತಿಗೆ ಪ್ರಸಾದ ಬಡಿಸುವವರು, ಗಂಡು-ಹೆಣ್ಣು ಜೋಡಿಸುವವರು, ಪ್ರತಿ ಮನೆಯ ನೆಂಟಸ್ತನ ಬಲ್ಲವರು. ಗುಟ್ಟು ಕಾಯಲು ಇವರಿಗಿಂತ ಯೋಗ್ಯರು ಇನ್ನೆಲ್ಲಿ ಸಿಕ್ಕಾರು?

ನೀಲಾಂಬಿಕಾ ಎದುರು ಕೂತೊಡನೆ, ನಮ್ಮವರೆಲ್ಲ ಕೇಳುವುದನ್ನೇ ಅವರು ಕೇಳಿದರು. “ಯಾವೂರವ್ವಾ? ಯಾರ ಮಗಳು ನೀ?”

ಮರಾಠಿಯಲ್ಲೇ ಬೆಳೆದ ಹುಡುಗಿ ಕನ್ನಡ ಕೇಳಿ ಕರಗಿದಳು, ತಂದೆಯ ಹೆಸರು ಹೇಳಿಬಿಟ್ಟಳು. ಅವಳು ರಕ್ತ ಕೊಟ್ಟು ಹೊರಬರುವಷ್ಟರಲ್ಲಿ ಹತ್ತಿರದ ಬಿಡಕಿನ್ ಊರಿನ ಕಾರ್ಖಾನೆಯಲ್ಲಿದ್ದ ಅಣ್ಣ ರವಿಕಾಂತನಿಗೆ ಫೋನು ಹೋಗಿತ್ತು. ಆಡಿದ ಮಾತನ್ನು ವಿಶ್ವನಾಥಪ್ಪನವರೇ ನನಗೆ ಹೇಳಿದರು: “ನಮ್ಮ ಹುಡುಗಿ ಅಂತ ಹೇಳ್ಲಿಕತ್ತೀನಪ್ಪಾ. ನಿನ್ನ ತಂಗಿ ಎಚ್‌ಐವಿ ಟೆಸ್ಟಿಗೆ ಬಂದಾಳ. ಆಕಿ ಮ್ಯಾಲ ಜರಾ ಲಕ್ಷ್ಯ ಇಡು.”

ರವಿಕಾಂತ ಅವಳ ಬಾಡಿಗೆ ಕೋಣೆಗೆ ನುಗ್ಗಿದ. ಜಡೆಯನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲ ಮೇಲಿಂದ ದರದರ ಎಳೆದ. “ಕೋಣ್ ಆಹೆ ತೋ? ಹೇಳ್, ಯಾರಂವ?” ಎನ್ನುತ್ತ ಹೆಲ್ಮೆಟ್ಟಿನಿಂದ ಮುಖಕ್ಕೆ ಬಾರಿಸಿದ. ದವಡೆ ಮುರಿದವಳು ಉತ್ತರ ಹೇಳುವುದು ಹೇಗೆ? ಹೇಳಲಿಲ್ಲವೆಂದು ಮತ್ತೆ ಹೊಡೆದ. ಬಿದ್ದವಳ ಹೊಟ್ಟೆಗೆ ಕಾರ್ಖಾನೆಯ ಬೂಟುಗಾಲಿನಿಂದ ಒದ್ದ. ಕೆಳಮನೆಯ ರಾಧಾಬಾಯಿ ಬಂದು ಅವಳ ಮೈಮೇಲೆ ಅಡ್ಡ ಬೀಳದಿದ್ದರೆ ಹೆಣವೇ ಬೀಳುತ್ತಿತ್ತು.

ಅವಳನ್ನು ನಾಸಿಕಕ್ಕೆ, ನನ್ನ ಮನೆಗೆ, ಕರೆತಂದೆ. ತಂತಿ ಬಿಗಿದ ಬಾಯಿಯಿಂದ ಗಂಜಿ ಹೀರುವ ಅವಳನ್ನು ನೋಡುವಾಗಲೆಲ್ಲ ನಿಮ್ಮ ಶಾಮಿಯಾನಕ್ಕೆ ಬೆಂಕಿ ಇಡಬೇಕೆನಿಸುತ್ತಿತ್ತು. ಸುಳ್ಳು ಹೇಳಲಾರೆ, ಈಗಲೂ ಅನಿಸುತ್ತದೆ. ಫೋನು ಮಾಡಿದರೆ ನೀವು ಏನಂದಿರಿ? “ಒಳ್ಳೆ ಮನಸ್ಸಿನಿಂದನೇ ಹೇಳ್ಯಾರ್ರಿ. ನಮ್ಮವರಲ್ಲೇನ್ರಿ?” ಹೌದು, ನಮ್ಮವರೇ. ಅದಕ್ಕೇ ಬೇಡವಾಗಿತ್ತು. ಅವಳು ಪರೀಕ್ಷೆಗೆ ಬಂದ ಸುದ್ದಿ ವೈಜಾಪುರದ ನೆಂಟರವರೆಗೂ ಮುಟ್ಟಿದೆ. ನಿಮ್ಮ ಶಿಬಿರದ ಫಲಿತಾಂಶ ಮಾತ್ರ ಅವಳಿಗೆ ಇವತ್ತಿಗೂ ಮುಟ್ಟಿಲ್ಲ.

ವಿಶ್ವನಾಥಪ್ಪನವರನ್ನು ಆ ಕುರ್ಚಿಯಿಂದ ಎಬ್ಬಿಸಿ. ಶಾಮಿಯಾನ ಕಿತ್ತುಹಾಕಿ. ಮಕ್ಕಳು ಕೇಳಿದ ಕೋಣೆಯನ್ನು ಅವರು ಕೇಳಿದಂತೆಯೇ ಕೊಡಿ. ಅಲ್ಲಿ ಯಾರೂ ನಮ್ಮವರಾಗುವುದು ಬೇಡ.

ತಂತಿ ಬಿಚ್ಚಿದ ಮರುದಿನವೇ ನೀಲಾಂಬಿಕಾ ಒಬ್ಬಳೇ ಬಸ್ಸು ಹತ್ತಿದಳು. ನಮ್ಮವರ ಗುರುತೇ ಇಲ್ಲದ ಘೋಟಿ ಎಂಬ ಊರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಳು. ಏನು ಬಂತೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಇಂತಿ,
ಹೆಸರು ಹೇಳಿದರೆ ಯಾವೂರೆಂದು ಕೇಳುವಿರಿ, ಆದ್ದರಿಂದ ಬರೀ
ಅವಳ ದೊಡ್ಡವ್ವ, ನಾಸಿಕ